ಒಂದು ಮುಖ, ಎರಡು ಗೆಲವು

ಕಂಪನಿ ನಾಟಕಗಳ ಕಾಲದಲ್ಲಿ ನಟನೊಬ್ಬ ಶನಿವಾರ ರಾತ್ರಿ ರಾಜನಾಗಿ ಮೆರೆದು ಭಾನುವಾರ ರಾತ್ರಿ ಕಳ್ಳನಾಗಿ ಬಂದರೆ ಪ್ರೇಕ್ಷಕರಾರೂ ಗಲಿಬಿಲಿಗೊಳ್ಳುತ್ತಿರಲಿಲ್ಲ. ಗುಬ್ಬಿ ವೀರಣ್ಣನವರು ‘ಸದಾರಮೆ’ಯ ಕಳ್ಳನಾಗಿ ನಾಡನ್ನೆಲ್ಲ ನಗಿಸಿದರು, ಹಾಗೆಂದು ಅವರನ್ನು ಬೇರೆ ವೇಷದಲ್ಲಿ ನೋಡಲೊಲ್ಲೆವೆಂದು ಯಾರೂ ಹಟ ಹಿಡಿಯಲಿಲ್ಲ. ಯಕ್ಷಗಾನದ ಮೇಳಗಳಲ್ಲಂತೂ ವೇಷ ಬದಲಾಯಿಸುವುದೇ ಕಲಾವಿದನ ಬಾಳು. ಬಣ್ಣ ಬಳಿದು, ಕಿರೀಟವಿಟ್ಟು, ಚೌಕಿಯಿಂದ ಹೊರಬಿದ್ದವನು ಆ ರಾತ್ರಿಯ ಮಟ್ಟಿಗೆ ಯಾರೋ ಅವನೇ. ಬೆಳಗಾಗಿ ಬಣ್ಣ ತೊಳೆದರೆ ಅಲ್ಲಿಗೆ ಋಣ ತೀರಿತು.

ದೂರದರ್ಶನ ಬಂದಮೇಲೆ ಈ ಹಳೆಯ ಒಪ್ಪಂದ ಮುರಿಯಿತು. ರಂಗಸ್ಥಳಕ್ಕೂ ಪ್ರೇಕ್ಷಕನಿಗೂ ನಡುವೆ ಒಂದು ದೂರವಿರುತ್ತದೆ. ಪರದೆ, ದೀಪ, ಬಣ್ಣ, ಕೈಯಲ್ಲಿರುವ ಟಿಕೆಟ್ಟು, ಇವೆಲ್ಲ ಸೇರಿ ‘ಇದು ಆಟ’ವೆಂದು ಕ್ಷಣಕ್ಷಣಕ್ಕೂ ನೆನಪು ಮಾಡುತ್ತಿರುತ್ತವೆ. ದೂರದರ್ಶನದ ನಟ ಹಾಗಲ್ಲ. ಅವನು ನಮ್ಮ ನಡುಮನೆಗೇ ಬರುತ್ತಾನೆ. ನಾವು ಊಟಕ್ಕೆ ಕುಳಿತಿರುವಾಗ ಬರುತ್ತಾನೆ, ಮಗುವಿಗೆ ಜ್ವರ ಬಂದಿರುವಾಗಲೂ ಬರುತ್ತಾನೆ. ಪ್ರತಿವಾರವೂ ಅದೇ ಹೆಸರು, ಅದೇ ಸಂಸಾರ, ಅದೇ ಮುಖ. ವರ್ಷ ತುಂಬುವುದರೊಳಗೆ ಅವನು ನಟನಾಗಿ ಉಳಿಯುವುದಿಲ್ಲ, ನೆಂಟನಾಗಿಬಿಡುತ್ತಾನೆ. ಅಂಥ ನೆಂಟ ನಾಳೆ ಬೇರೆ ಹೆಸರಿಟ್ಟುಕೊಂಡು ಬೇರೊಂದು ಮನೆಯ ಮಗನೆಂದು ಹೇಳಿಕೊಂಡು ಬಂದರೆ ನಂಬುವವರಾರು? ಧಾರಾವಾಹಿಯಲ್ಲಿ ಒಮ್ಮೆ ಗೆದ್ದ ನಟನಿಗೆ ಎರಡನೆಯ ಗೆಲವು ದುರ್ಲಭವಾಗುವುದು ಈ ಕಾರಣದಿಂದ. ಇದು ಬರಿಯ ಕೀರ್ತಿಯ ಮಾತಲ್ಲ, ಅವನ ಅನ್ನದ ಮಾತು. ಆದರೂ ಕೆಲವರು ಎರಡು ಸಲ, ಮೂರು ಸಲ ಗೆದ್ದಿದ್ದಾರೆ. ಅದು ಹೇಗೆ ಸಾಧ್ಯವಾಯಿತೆಂಬುದನ್ನು ನೋಡಹೊರಟರೆ ನಮ್ಮ ದೂರದರ್ಶನದ ಚರಿತ್ರೆಯೇ ಒಂದಷ್ಟು ಬಿಚ್ಚಿಕೊಳ್ಳುತ್ತದೆ.

ನಮ್ಮ ದೇಶದಲ್ಲಿ ದೂರದರ್ಶನದ ಪ್ರಸಾರ ಪ್ರಾಯೋಗಿಕವಾಗಿ ಪ್ರಾರಂಭವಾದದ್ದು 1959ರ ಸೆಪ್ಟೆಂಬರ್ 15ರಂದು, ದಿಲ್ಲಿಯಲ್ಲಿ. 1976ರವರೆಗೆ ಅದು ಆಕಾಶವಾಣಿಯ ಒಂದು ಅಂಗವಾಗಿಯೇ ಇತ್ತು. ವ್ಯವಸಾಯದ ಸಲಹೆ, ಶಾಲಾ ಪಾಠ, ವಾರ್ತೆ, ಒಂದಿಷ್ಟು ಸಂಗೀತ, ಇಷ್ಟೇ ಅದರ ಬಂಡವಾಳ. 1982ರ ಏಷ್ಯನ್ ಕ್ರೀಡೆಗಳ ವೇಳೆಗೆ ಪರದೆಗೆ ಬಣ್ಣ ಬಂತು. ಮಧ್ಯಮ ವರ್ಗದ ಮನೆಗಳಿಗೆ ಪೆಟ್ಟಿಗೆ ಬಂತು. 1984ರ ಜುಲೈ 7ರಂದು ‘ಹಮ್ ಲೋಗ್’ ಪ್ರಾರಂಭವಾಯಿತು. ಕುಟುಂಬ ಯೋಜನೆಯಂಥ ಸಾಮಾಜಿಕ ಸಂದೇಶಗಳನ್ನು ಕಥೆಯಲ್ಲಿ ಬೆರೆಸಿ ಕೊಡುವ ಮೆಕ್ಸಿಕೋ ದೇಶದ ಮಾದರಿಯನ್ನು ಅನುಸರಿಸಿ ಮನೋಹರ ಶ್ಯಾಮ ಜೋಶಿಯವರು ಬರೆದ ಈ ಧಾರಾವಾಹಿಗೆ ಹಣ ಒದಗಿಸಿದ್ದು ಆಗತಾನೆ ಮಾರುಕಟ್ಟೆಗೆ ಬಂದಿದ್ದ ಮ್ಯಾಗಿ ಶಾವಿಗೆಯ ಜಾಹೀರಾತು. ಸಂದೇಶವನ್ನು ಜನ ಎಷ್ಟು ನೆನಪಿಟ್ಟರೋ, ಶಾವಿಗೆಯನ್ನಂತೂ ಮರೆಯಲಿಲ್ಲ.

ಪ್ರಾಯೋಜಕರು ಬಂದರೂ ಯಜಮಾನಿಕೆ ಸರ್ಕಾರದ್ದೇ ಆಗಿತ್ತು. ಆಗಿನ ಧಾರಾವಾಹಿಗಳು ಸಾಮಾನ್ಯವಾಗಿ ಹದಿಮೂರು ಕಂತುಗಳಂತೆ ಮಂಜೂರಾಗುತ್ತಿದ್ದವು. ವರ್ಷದ 52 ವಾರಗಳನ್ನು ನಾಲ್ಕು ಪಾಲು ಮಾಡಿದರೆ ಬರುವುದು ಹದಿಮೂರು, ಕಚೇರಿಯ ಲೆಕ್ಕವಷ್ಟೇ. ಆದರೆ ಈ ಒಣ ಲೆಕ್ಕ ನಟರ ಪಾಲಿಗೆ ವರವಾಯಿತೆಂದು ನನ್ನ ಅಭಿಪ್ರಾಯ. ಪಾತ್ರ ಬೇರುಬಿಡುವುದಕ್ಕೆ ಮೊದಲೇ ಧಾರಾವಾಹಿ ಮುಗಿಯುತ್ತಿತ್ತು. ನಟ ಇನ್ನೊಂದಕ್ಕೆ ಹೊರಡುತ್ತಿದ್ದ. ಮೇಲಾಗಿ ಆ ಕಾಲದ ನಟರಲ್ಲಿ ಅನೇಕರು ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದಲೋ, ಪುಣೆಯ ಚಲನಚಿತ್ರ ಸಂಸ್ಥೆಯಿಂದಲೋ, ಮುಂಬಯಿಯ ಹವ್ಯಾಸಿ ರಂಗಭೂಮಿಯಿಂದಲೋ ಬಂದವರು. ಒಂದೇ ವೇಷಕ್ಕೆ ಅಂಟಿಕೊಳ್ಳುವುದು ಅವರು ಕಲಿತ ವಿದ್ಯೆಯಲ್ಲ.

ಇದಕ್ಕೆ ವಿರುದ್ಧವಾದ ನಿದರ್ಶನ 1987ರ ಜನವರಿ 25ರಂದು ಮೊದಲಾಯಿತು. ರಾಮಾನಂದ ಸಾಗರರ ‘ರಾಮಾಯಣ’ ಭಾನುವಾರ ಬೆಳಗಿನ ಹೊತ್ತು 78 ಕಂತುಗಳಲ್ಲಿ ಪ್ರಸಾರವಾಯಿತು. ಬೀದಿಗಳು ಬರಿದಾದುದು, ಪೆಟ್ಟಿಗೆಗೆ ಹೂಮಾಲೆ ಹಾಕಿ ಊದುಬತ್ತಿ ಹಚ್ಚಿದುದು, ಇವನ್ನು ಐವತ್ತು ದಾಟಿದ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ರಾಮನಾಗಿದ್ದ ಅರುಣ್ ಗೋವಿಲ್ ಅದಕ್ಕೆ ಮೊದಲು ‘ಸಾವನ್ ಕೋ ಆನೇ ದೋ’ದಂತಹ ಜನಪ್ರಿಯ ಚಿತ್ರದ ನಾಯಕ, ಸಾಗರರದೇ ‘ವಿಕ್ರಮ್ ಔರ್ ಬೇತಾಳ್’ನಲ್ಲಿ ಹೆಣ ಹೊತ್ತು ನಡೆದ ವಿಕ್ರಮಾದಿತ್ಯನೂ ಅವರೇ. ಲೆಕ್ಕಕ್ಕೆ ಎರಡು ಧಾರಾವಾಹಿಗಳಲ್ಲಿ ಗೆದ್ದವರು ನಿಜ. ಆದರೆ ರಾಮನಾದ ಮೇಲೆ ಮಿಕ್ಕದ್ದೆಲ್ಲ ಅಳಿಸಿಹೋಯಿತು. ಸಿಗರೇಟು ಸೇದುತ್ತಿದ್ದುದನ್ನು ಕಂಡ ಭಕ್ತನೊಬ್ಬ ಗದರಿದುದನ್ನೂ, ತಾವು ಆ ಚಟವನ್ನೇ ಬಿಟ್ಟುದನ್ನೂ, ವಾಣಿಜ್ಯ ಚಿತ್ರಗಳ ಅವಕಾಶಗಳು ಆಮೇಲೆ ಕೈತಪ್ಪಿದುದನ್ನೂ ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ದೇವರಿಗೆ ಪ್ರಣಯಗೀತೆ ಹಾಡಿಸುವ ಧೈರ್ಯ ಯಾವ ನಿರ್ಮಾಪಕನಿಗಿದ್ದೀತು?

ಈ ನಟರಿಗೆ ತೆರೆದ ಬಾಗಿಲು ಬೇರೆ ಕಡೆಯದು. 1991ರ ಚುನಾವಣೆಯಲ್ಲಿ ಸೀತೆಯಾಗಿದ್ದ ದೀಪಿಕಾ ಚಿಖಲಿಯಾ ಬರೋಡದಿಂದಲೂ, ರಾವಣನಾಗಿದ್ದ ಅರವಿಂದ ತ್ರಿವೇದಿ ಸಾಬರಕಾಂಠಾದಿಂದಲೂ ಲೋಕಸಭೆಗೆ ಆರಿಸಿ ಬಂದರು. ಸೀತೆಯೂ ರಾವಣನೂ ಒಂದೇ ಪಕ್ಷದ ಬೆಂಚಿನಲ್ಲಿ! ‘ಮಹಾಭಾರತ’ದ ಕೃಷ್ಣ ನಿತೀಶ್ ಭಾರದ್ವಾಜ್ 1996ರಲ್ಲಿ ಜಮ್ಷೆಡ್‌ಪುರದಿಂದ ಗೆದ್ದರು, ಮತ್ತೆ ಧಾರಾವಾಹಿಗೆ ಬಂದಾಗ ‘ವಿಷ್ಣು ಪುರಾಣ’ದಲ್ಲಿ ವಿಷ್ಣುವೇ ಆದರು. ಗೋವಿಲ್ ಅವರ ಸರದಿ ಬಂದದ್ದು ಬಹಳ ತಡವಾಗಿ, 2024ರಲ್ಲಿ, ತಮ್ಮ ಹುಟ್ಟೂರು ಮೇರಠದಿಂದ.

ಹಾಗಾದರೆ ಪುರಾಣ ಪಾತ್ರ ಮಾಡಿದವರಿಗೆಲ್ಲ ಇದೇ ಗತಿಯೆ? ಅಲ್ಲ. 1988ರ ಅಕ್ಟೋಬರ್ 2ರಂದು ಪ್ರಾರಂಭವಾಗಿ 94 ಕಂತು ನಡೆದ ಬಿ. ಆರ್. ಚೋಪ್ರಾರ ‘ಮಹಾಭಾರತ’ದಲ್ಲಿ ಭೀಷ್ಮನಾದ ಮುಕೇಶ್ ಖನ್ನಾ ಅವರನ್ನು ನೋಡಿ. ಆಗ ಅವರಿನ್ನೂ ಪ್ರಾಯದವರು. ಪಾತ್ರ ಮಾತ್ರ ಮುದುಕನದು. ಬೆಳ್ಳಿಯಂಥ ಗಡ್ಡ, ಬೆಳ್ಳಿಯ ಕೂದಲು, ಕಿರೀಟ. ಇವುಗಳ ನಡುವೆ ಕಾಣುತ್ತಿದ್ದುದು ಎರಡು ಕಣ್ಣು ಮಾತ್ರ, ಕೇಳುತ್ತಿದ್ದುದು ಒಂದು ಗಂಭೀರ ಧ್ವನಿ. ದೇಶ ಭೀಷ್ಮನನ್ನು ಕಂಡಿತೇ ಹೊರತು ಮುಕೇಶ್ ಖನ್ನಾರ ಮುಖವನ್ನು ಕಾಣಲಿಲ್ಲ. ಗೋವಿಲ್ ಅವರಿಗೆ ಇಲ್ಲದ ಅನುಕೂಲ ಇದು. ರಾಮನ ಮುಖಕ್ಕೆ ಮರೆಯೇ ಇರಲಿಲ್ಲ. ಯಕ್ಷಗಾನದ ಕಲಾವಿದನನ್ನು ಬಣ್ಣ ಕಾಪಾಡುವಂತೆ ಖನ್ನಾರನ್ನು ಆ ಗಡ್ಡ ಕಾಪಾಡಿತು.

1997ರ ಸೆಪ್ಟೆಂಬರ್‌ನಲ್ಲಿ ಅವರು ತಾವೇ ನಿರ್ಮಾಪಕರಾಗಿ ‘ಶಕ್ತಿಮಾನ್’ ಎಂಬ ಧಾರಾವಾಹಿಯನ್ನು ತಂದರು. ಗಡ್ಡವಿಲ್ಲದ ಮುಖ, ಕೆಂಪು ಉಡುಪು, ಬುಗುರಿಯಂತೆ ತಿರುಗಿ ಆಕಾಶಕ್ಕೇರುವ ವೀರ. ಮಿಕ್ಕ ಹೊತ್ತಿನಲ್ಲಿ ಪತ್ರಿಕಾ ಕಚೇರಿಯೊಂದರಲ್ಲಿ ಕೆಲಸ ಮಾಡುವ, ಹಲ್ಲು ಮುಂದೆ ಬಂದ, ಮೊದ್ದು ಗಂಗಾಧರ. ಮಕ್ಕಳು ಮುಗಿಬಿದ್ದರು. 2005ರವರೆಗೆ ಅದು ನಡೆಯಿತು. ತಮಾಷೆಯೆಂದರೆ ಇದರಲ್ಲಿ ಖಳನಾದ ತಮರಾಜ ಕಿಲ್ವಿಷನ ಪಾತ್ರ ವಹಿಸಿದ ಸುರೇಂದ್ರ ಪಾಲ್ ‘ಮಹಾಭಾರತ’ದಲ್ಲಿ ದ್ರೋಣಾಚಾರ್ಯರಾಗಿದ್ದವರು. ಕುರುಕ್ಷೇತ್ರದಲ್ಲಿ ಒಂದೇ ಪಕ್ಷದಲ್ಲಿದ್ದ ಪಿತಾಮಹನೂ ಆಚಾರ್ಯನೂ ಏಳೆಂಟು ವರ್ಷಗಳ ತರುವಾಯ ಎದುರುಬದುರಾದರು. ಮಕ್ಕಳಲ್ಲೊಬ್ಬರಿಗೂ ಅದು ಗೊತ್ತಿರಲಿಲ್ಲ.

ಆದರೆ ಈ ಗೆಲವಿಗೂ ಒಂದು ಬೆಲೆ ಇತ್ತು. ಶಕ್ತಿಮಾನ್ ಬಂದು ಕಾಪಾಡುವನೆಂದು ನಂಬಿ ಮಕ್ಕಳು ಅಪಾಯಕ್ಕೆ ಒಡ್ಡಿಕೊಂಡರೆಂಬ ವರದಿಗಳು ಪತ್ರಿಕೆಗಳಲ್ಲಿ ಬಂದು ದೊಡ್ಡ ವಿವಾದವಾಯಿತು. ನಂಬಿಕೆ ಅಲ್ಲೂ ಆಟವನ್ನು ಮೀರಿಬಿಟ್ಟಿತ್ತು. ಖನ್ನಾರು ಕಂತಿನ ಕೊನೆಗೆ ತಾವೇ ನಿಂತು ಮಕ್ಕಳಿಗೆ ಬುದ್ಧಿಮಾತು ಹೇಳುತ್ತಿದ್ದುದನ್ನು ಈಗ ಹಾಸ್ಯ ಮಾಡುವವರುಂಟು; ಆ ವಿವಾದವನ್ನು ನೆನೆದರೆ ನಗು ಬರುವುದಿಲ್ಲ.

ಮುಖವನ್ನು ಮರೆಸುವ ಇನ್ನೊಂದು ಉಪಾಯವನ್ನು ಸತೀಶ್ ಶಾ ಅದಕ್ಕೂ ಮೊದಲೇ ಕಂಡುಕೊಂಡಿದ್ದರು. 1984ರ ‘ಯೆ ಜೋ ಹೈ ಜಿಂದಗಿ’ಯಲ್ಲಿ ಮಿಕ್ಕವರಿಗೆಲ್ಲ ಒಂದೊಂದು ನಿಶ್ಚಿತ ಪಾತ್ರ, ಇವರಿಗೆ ಮಾತ್ರ ವಾರಕ್ಕೊಂದು. ಒಂದು ವಾರ ಕಂಡ ಮನುಷ್ಯ ಮುಂದಿನ ವಾರ ಇಲ್ಲ. ಬೇರೆ ಮೀಸೆ, ಬೇರೆ ಮಾತಿನ ಧಾಟಿ, ಬೇರೆ ಪ್ರಾಂತ. ಯಾವ ಮುಖವೂ ಅಂಟಲಿಲ್ಲವಾದ್ದರಿಂದ ಯಾವ ಬಾಗಿಲೂ ಮುಚ್ಚಲಿಲ್ಲ. 1990ರ ದಶಕದಲ್ಲಿ ‘ಫಿಲ್ಮೀ ಚಕ್ಕರ್’, 2004ರಲ್ಲಿ ‘ಸಾರಾಭಾಯ್ ವರ್ಸಸ್ ಸಾರಾಭಾಯ್’. ಈ ಕೊನೆಯದರಲ್ಲಿ ಹೆಂಡತಿಯ ದೊಡ್ಡಸ್ತಿಕೆಯನ್ನು ಕೆಣಕುತ್ತ ಕೂರುವ ತುಂಟ ಮುದುಕ ಇಂದ್ರವದನನ ಪಾತ್ರ ಅವರಿಗೆ ದೊರೆಯಿತು. 2025ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡಾಗ ಜನ ಮರುಗಿದ್ದು ಇಂದ್ರವದನನಿಗಾಗಿ.

ಪ್ರಿಯಾ ತೆಂಡೂಲ್ಕರರ ಕಥೆ ಬೇರೆ ಬಗೆ. ನಾಟಕಕಾರ ವಿಜಯ ತೆಂಡೂಲ್ಕರರ ಮಗಳು. ‘ಅಂಕುರ್’ ಚಿತ್ರದಲ್ಲಿ ನಮ್ಮ ಅನಂತನಾಗರ ಎಳೆಯ ಹೆಂಡತಿಯಾಗಿ ಬಂದವರು. 1985ರಲ್ಲಿ ಬಾಸು ಚಟರ್ಜಿಯವರ ‘ರಜನಿ’ಯಾದರು. ಅಡುಗೆ ಅನಿಲದ ವಿತರಕನಿಂದ ಹಿಡಿದು ಎಲ್ಲ ಬಗೆಯ ಮೋಸಗಾರರನ್ನೂ ಕಚೇರಿಯ ಮೇಜಿನೆದುರೇ ನಿಲ್ಲಿಸಿ ಪ್ರಶ್ನಿಸುವ ಗೃಹಿಣಿ ರಜನಿ. ದನಿ ಎತ್ತಿ ಕೇಳುವ ಹೆಂಗಸಿಗೆಲ್ಲ ಕೆಲಕಾಲ ಅದೇ ಹೆಸರಾಗಿತ್ತು. ಹತ್ತು ವರ್ಷದ ತರುವಾಯ, 1995ರಲ್ಲಿ, ಜೀ ವಾಹಿನಿಯ ‘ಹಮ್ ಪಾಂಚ್’ನಲ್ಲಿ ಆಕೆ ಮತ್ತೆ ಗೆದ್ದರು. ಪಾತ್ರವೇನು ಗೊತ್ತೆ? ಗೋಡೆಗೆ ತೂಗುಹಾಕಿದ ಭಾವಚಿತ್ರ! ತೀರಿಹೋದ ಮೊದಲ ಹೆಂಡತಿ ಚೌಕಟ್ಟಿನೊಳಗಿಂದಲೇ ಗಂಡನನ್ನು ಮಾತನಾಡಿಸುತ್ತಾಳೆ, ಎರಡನೆಯ ಸಂಸಾರವನ್ನು ನೋಡಿ ನಗುತ್ತಾಳೆ. ಊರೆಲ್ಲ ಓಡಾಡಿ ಜಗಳವಾಡಿದ ರಜನಿ ಅಲ್ಲಾಡದೆ ಒಂದೇ ಕಡೆ ಇದ್ದು ಜನರನ್ನು ನಗಿಸಿದಳು. 2002ರಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ, ಆಕೆ ಕಾಲವಾದರು.

ರಜನಿಯ ಕಾಲಕ್ಕೇ ‘ಕರಮಚಂದ್’ ಎಂಬ ಪತ್ತೇದಾರನೂ ಬಂದ. ಕಪ್ಪು ಕನ್ನಡಕ, ಕೈಯಲ್ಲಿ ಸದಾ ಒಂದು ಗಜ್ಜರಿ, ಪಕ್ಕದಲ್ಲಿ ಕಿಟ್ಟಿ ಎಂಬ ಪೆದ್ದು ಸಹಾಯಕಿ. ಈ ಪಾತ್ರ ವಹಿಸಿದ ಪಂಕಜ್ ಕಪೂರ್ ಲುಧಿಯಾನದಲ್ಲಿ ಹುಟ್ಟಿ, ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತವರು. ‘ಗಾಂಧಿ’ ಚಿತ್ರದಲ್ಲಿ ಪ್ಯಾರೇಲಾಲರ ಪಾತ್ರ ಮಾಡಿದ್ದಲ್ಲದೆ ಅದರ ಹಿಂದಿ ಆವೃತ್ತಿಯಲ್ಲಿ ಬೆನ್ ಕಿಂಗ್ಸ್ಲಿಯವರ ಗಾಂಧಿಗೆ ಕಂಠ ನೀಡಿದವರೂ ಅವರೇ. ಕರಮಚಂದನ ಗೆಲವು ಎಷ್ಟಿತ್ತೆಂದರೆ ಗಜ್ಜರಿ ತಿನ್ನುವ ಪತ್ತೇದಾರನಾಗಿಯೇ ಅವರು ಜೀವಮಾನ ಕಳೆಯಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ರಾಹಿ ಮಾಸೂಮ್ ರಜಾ ಬರೆದ ‘ನೀಮ್ ಕಾ ಪೇಡ್’ನಲ್ಲಿ ಜಮೀನ್ದಾರನ ಜೀತದಾಳು ಬುಧೈ ರಾಮನಾದರು. 1993ರ ‘ಜಬಾನ್ ಸಂಭಾಲ್ ಕೇ’ಯಲ್ಲಿ ಕೆಲಸ ಸಿಕ್ಕದ ಎಂಜಿನಿಯರೊಬ್ಬ ನಾನಾ ದೇಶಗಳ, ನಾನಾ ಪ್ರಾಂತಗಳ ವಿದ್ಯಾರ್ಥಿಗಳಿಗೆ ಹಿಂದಿ ಕಲಿಸುವ ಮೇಷ್ಟ್ರಾದರು. ಇದು ಬ್ರಿಟಿಷ್ ಧಾರಾವಾಹಿಯೊಂದರ ರೂಪಾಂತರ. ನಮ್ಮ ಕಡೆಯವರು ಹಿಂದಿ ಮಾತನಾಡುವ ಬಗೆಯನ್ನು ಅದರಲ್ಲಿ ತುಸು ಹೆಚ್ಚಾಗಿಯೇ ಗೇಲಿ ಮಾಡಿದರೆಂದು ನನಗನಿಸುತ್ತದೆ. ಅದಿರಲಿ, ಗೇಲಿಯ ನಡುವೆ ತಾಳ್ಮೆಗೆಡದೆ ನಿಂತ ಮೇಷ್ಟ್ರ ಮುಖವಂತೂ ಮರೆಯುವಂಥದಲ್ಲ.

ಅದೇ ನಿರ್ದೇಶಕ ರಾಜೀವ್ ಮೆಹ್ರಾರೊಡನೆ ಅವರು 2001ರಲ್ಲಿ ಮಾಡಿದ ‘ಆಫೀಸ್ ಆಫೀಸ್’ ನನ್ನ ದೃಷ್ಟಿಯಲ್ಲಿ ಈ ಇಡೀ ಚರಿತ್ರೆಯ ಬಲು ಬೆಲೆಬಾಳುವ ಅಧ್ಯಾಯ. ಮುಸದ್ದಿಲಾಲ ನಿವೃತ್ತ ಉಪಾಧ್ಯಾಯ. ಒಂದು ವಾರ ಪಿಂಚಣಿ, ಒಂದು ವಾರ ವಿದ್ಯುತ್ ಬಿಲ್ಲು, ಮತ್ತೊಂದು ವಾರ ಇನ್ನೇನೋ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಕಚೇರಿ ಬದಲಾಗುತ್ತದೆ, ಆದರೆ ಮೇಜಿನ ಹಿಂದೆ ಕೂತ ಭಾಟಿಯಾ, ಶುಕ್ಲಾ, ಪಟೇಲ್, ಪಾಂಡೆ, ಉಷಾ ಎಂಬವರು ಮಾತ್ರ ಅವರೇ! ಎಲ್ಲ ಕಚೇರಿಯೂ ಒಂದೇ ಎಂದು ಇದಕ್ಕಿಂತ ಸುಲಭವಾಗಿ ಹೇಳಲಾದೀತೆ? ಒಬ್ಬ ಸಮೋಸ ಮೆಲ್ಲುತ್ತಾನೆ, ಒಬ್ಬ ಎಲೆಯಡಿಕೆ ಜಗಿಯುತ್ತಾನೆ, ಆಕೆ ಫೋನಿನಲ್ಲಿ ಮಾತು ಮುಗಿಸುವುದೇ ಇಲ್ಲ. 1985ರ ರಜನಿ ಇದೇ ಮೇಜುಗಳೆದುರು ಗದ್ದಲ ಮಾಡಿ ಗೆದ್ದು ಬರುತ್ತಿದ್ದಳು. ಹದಿನಾರು ವರ್ಷದ ಮೇಲೆ ಮುಸದ್ದಿಲಾಲ ದನಿ ತಗ್ಗಿಸಿ, ಕೈಮುಗಿದು, ಮುಂದಿನ ಮೇಜಿಗೆ ಸರಿಯುತ್ತಾನೆ. ಆ ಹದಿನಾರು ವರ್ಷಗಳಲ್ಲಿ ನಮ್ಮ ಮಧ್ಯಮ ವರ್ಗಕ್ಕೆ ಏನಾಯಿತೆಂಬುದನ್ನು ಈ ಎರಡು ಧಾರಾವಾಹಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಕರಮಚಂದನ ಗತ್ತಿನ ನಡಿಗೆಯ ಒಂದು ಎಳೆಯೂ ಮುಸದ್ದಿಲಾಲನಲ್ಲಿ ಕಾಣದು. ಭುಜ ಕುಸಿದಿದೆ, ಚೀಲ ಎದೆಗವಚಿದೆ. 2007ರಲ್ಲಿ ಕರಮಚಂದನನ್ನು ಮತ್ತೆ ಹೊಸದಾಗಿ ಕರೆತಂದರು. ಗಜ್ಜರಿ ಅದೇ, ಕನ್ನಡಕ ಅದೇ. ಆದರೆ ಹಳೆಯ ಗೆಲವು ಮರುಕಳಿಸಲಿಲ್ಲ.

ನಮ್ಮ ನಾಡಿನ ಮಾತಿಗೆ ಬಂದರೆ ಮೊದಲು ನೆನಪಾಗುವುದು 1987ರಲ್ಲಿ ಪ್ರಸಾರವಾದ ‘ಮಾಲ್ಗುಡಿ ಡೇಸ್’. ಶಂಕರ್‌ನಾಗ್ ಆಗುಂಬೆಯನ್ನೇ ಮಾಲ್ಗುಡಿ ಮಾಡಿ ತೆಗೆದ ಈ ಸರಣಿಯಲ್ಲಿ ಒಂದೊಂದು ಕಥೆಗೆ ಒಂದೊಂದು ನಟವರ್ಗ. ಆದುದರಿಂದ ಯಾರೂ ಒಂದೇ ಪಾತ್ರದಲ್ಲಿ ಸೆರೆಯಾಗಲಿಲ್ಲ. ಮುಪ್ಪಿನ ಹತ್ತಿರಕ್ಕೂ ಸುಳಿಯದ ಅನಂತನಾಗ್ ಮಿಠಾಯಿ ಅಂಗಡಿಯ ಮುದುಕ ಜಗನ್ ಆದರು. ಸ್ವಾಮಿಯ ಕಟ್ಟುನಿಟ್ಟಿನ ತಂದೆಯಾಗಿದ್ದ ಗಿರೀಶ ಕಾರ್ನಾಡರು ಕೆಲವೇ ವರ್ಷಗಳಲ್ಲಿ ‘ಟರ್ನಿಂಗ್ ಪಾಯಿಂಟ್’ ಎಂಬ ವಿಜ್ಞಾನ ಕಾರ್ಯಕ್ರಮದ ನಿರೂಪಕರಾಗಿ ಬಂದಾಗ ದೇಶದ ಮಕ್ಕಳು ಅದೇ ತಂದೆಯ ಮುಂದೆ ಪಾಠಕ್ಕೆ ಕೂತಂತೆ ಕೂತರು.

ಕನ್ನಡಿಗರಿಗೆ ಪಾತ್ರವನ್ನು ನಟನ ಹೆಸರಿಗೇ ಕಟ್ಟಿಬಿಡುವ ಒಂದು ಪ್ರೀತಿಯ ಅಭ್ಯಾಸವಿದೆ. ‘ಮುಖ್ಯಮಂತ್ರಿ’ ನಾಟಕದಿಂದ ಚಂದ್ರು ಮುಖ್ಯಮಂತ್ರಿ ಚಂದ್ರು ಆದರು. ‘ಸಿಹಿಕಹಿ’ ಧಾರಾವಾಹಿಯಿಂದ ಇನ್ನೊಬ್ಬ ಚಂದ್ರು ಸಿಹಿಕಹಿ ಚಂದ್ರು ಆದರು. ಅದರಲ್ಲಿದ್ದ ಗೀತಾ ಸಿಹಿಕಹಿ ಗೀತಾ ಆದರು. ಇನ್ನೊಬ್ಬನಾದರೆ ಇಷ್ಟಕ್ಕೆ ಮುಳುಗಿಹೋಗಬೇಕಿತ್ತು. ಚಂದ್ರು ಆ ಹೆಸರನ್ನು ಹೊತ್ತೇ ‘ಪಾಪ ಪಾಂಡು’ವಿನಂಥ ಹಾಸ್ಯ ಧಾರಾವಾಹಿಯ ಹಿಂದೆ ನಿಂತರು, ‘ಬೊಂಬಾಟ್ ಭೋಜನ’ದಲ್ಲಿ ಸೌಟು ಹಿಡಿದರು. ಟಿ. ಎನ್. ಸೀತಾರಾಂ ಅವರದು ಇದಕ್ಕೂ ವಿಚಿತ್ರವಾದ ದಾರಿ: ಸಿ. ಎಸ್. ಪಿ. ಎಂಬ ವಕೀಲನ ಪಾತ್ರವನ್ನು ಒಂದು ಧಾರಾವಾಹಿಯಿಂದ ಇನ್ನೊಂದಕ್ಕೆ ಕೈಹಿಡಿದು ಕರೆತಂದರು. ಕಥೆ ಬೇರೆ, ಸಂಸಾರ ಬೇರೆ, ಕರಿಯ ಕೋಟು ಮಾತ್ರ ಅದೇ.

2000ದ ಜುಲೈನಲ್ಲಿ ‘ಕ್ಯೂಂ ಕಿ ಸಾಸ್ ಭೀ ಕಭೀ ಬಹೂ ಥೀ’ ಪ್ರಾರಂಭವಾದ ಮೇಲೆ ಹದಿಮೂರರ ಲೆಕ್ಕ ಯಾರಿಗೂ ಬೇಡವಾಯಿತು. ವಾರಕ್ಕೊಮ್ಮೆ ಬರುತ್ತಿದ್ದ ನೆಂಟರು ಪ್ರತಿರಾತ್ರಿ ಬರತೊಡಗಿದರು. ಎಂಟು ವರ್ಷ, 1,800ಕ್ಕೂ ಹೆಚ್ಚು ಕಂತು. ಅದರ ನಾಯಕಿ ಸ್ಮೃತಿ ಇರಾನಿ ಮುಂದೆ ಕೇಂದ್ರ ಸಚಿವೆಯಾದರು. 2025ರಲ್ಲಿ ಧಾರಾವಾಹಿಗೆ ಮರಳಿದಾಗ ಮತ್ತೆ ಅದೇ ತುಳಸಿಯಾಗಿಯೇ ಮರಳಿದರು. ಈ ದಿನನಿತ್ಯದ ಗಾಣದಿಂದ ಹೊರಬಂದು ಬೇರೆಯಾಗಿ ಗೆದ್ದವರು ಕೆಲವರೇ. ‘ಕಹಾನಿ ಘರ್ ಘರ್ ಕೀ’ಯ ಪಾರ್ವತಿಯಾಗಿ ಎಂಟು ವರ್ಷ ಕಣ್ಣೀರು ಹಾಕಿದ ಸಾಕ್ಷಿ ತನ್ವರ್ 2011ರ ‘ಬಡೇ ಅಚ್ಛೇ ಲಗ್ತೇ ಹೈ’ಯಲ್ಲಿ ತಡವಾಗಿ ಮದುವೆಯಾದ ಹೆಂಗಸಾಗಿ ನಕ್ಕರು. ರೋನಿತ್ ರಾಯ್ ಅವರಂತೂ ಏಕಕಾಲದಲ್ಲಿ ಎರಡು ಧಾರಾವಾಹಿಗಳ ಗಂಡನಾಗಿದ್ದು, ಆಮೇಲೆ ‘ಅದಾಲತ್’ನ ವಕೀಲರಾದರು.

ರಘುವೀರ್ ಯಾದವರನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ಜಬಲ್ಪುರದ ಹುಡುಗ, ಮನೆಬಿಟ್ಟು ಓಡಿ ಪಾರ್ಸಿ ನಾಟಕ ಕಂಪನಿಯೊಂದನ್ನು ಸೇರಿ ಊರೂರು ತಿರುಗಿ, ಆಮೇಲೆ ದಿಲ್ಲಿಯ ನಾಟಕ ಶಾಲೆಗೆ ಬಂದವರು. ನಮ್ಮ ಕಂಪನಿ ನಟರ ಕುಲಕ್ಕೆ ಹತ್ತಿರದವರು ಎನ್ನಬೇಕು; ಕಂಠವಿದೆ, ಹಾಡುತ್ತಾರೆ. ‘ಮ್ಯಾಸ್ಸಿ ಸಾಹಿಬ್’ ಚಿತ್ರದ ನಟನೆಗೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದ ರಜತ ಮಯೂರ ದೊರೆಯಿತು. 1989ರಲ್ಲಿ ಪ್ರಕಾಶ್ ಝಾ ಅವರ ‘ಮುಂಗೇರಿಲಾಲ್ ಕೇ ಹಸೀನ್ ಸಪ್ನೇ’. ಎಚ್ಚರದಲ್ಲಿ ಯಾರೂ ಲೆಕ್ಕಕ್ಕಿಡದ ಬಡಪಾಯಿ, ಹಗಲುಗನಸಿನಲ್ಲಿ ಮಾತ್ರ ಶೂರ. ಆ ಹೆಸರು ಹಿಂದಿಯಲ್ಲಿ ಗಾದೆಯಂತೆಯೇ ಬಳಕೆಯಾಗುತ್ತಿದೆ; ಎದುರುಪಕ್ಷದವರ ಆಸೆಯನ್ನು ಹಳಿಯಲು ರಾಜಕಾರಣಿಗಳು ಇಂದಿಗೂ ಮುಂಗೇರಿಲಾಲನ ಕನಸನ್ನು ಎತ್ತುತ್ತಾರೆ. ಇಂಥ ಹೆಸರಿನಿಂದ ಬಿಡಿಸಿಕೊಳ್ಳುವುದು ಸುಲಭವೆ? ಅವರು ಮರುವರ್ಷವೇ ಅಮಲ್ ಅಲ್ಲಾನಾರ ಧಾರಾವಾಹಿಯಲ್ಲಿ ಮುಲ್ಲಾ ನಸ್ರುದ್ದೀನನಾಗಿ ಬಂದರು. ಒಬ್ಬ ಲೋಕದಿಂದ ಮೋಸಹೋಗುವ ಪೆದ್ದ, ಇನ್ನೊಬ್ಬ ಪೆದ್ದನ ವೇಷದಲ್ಲಿ ಲೋಕವನ್ನೇ ಕೆಡವುವ ಜಾಣ. ಮುಂದೆ ಮಕ್ಕಳ ಚಿತ್ರಕಥೆಗಳ ಚಾಚಾ ಚೌಧರಿಯೂ ಆದರು.

ಅಲ್ಲಿಂದ ಮುಂದೆ ಸಿನಿಮಾದಲ್ಲಿ ಚಿಕ್ಕಪುಟ್ಟ ಪಾತ್ರಗಳ ಕಾಲ. 2020ರ ಏಪ್ರಿಲ್‌ನಲ್ಲಿ, ದೇಶವೆಲ್ಲ ಬಾಗಿಲು ಹಾಕಿಕೊಂಡು ಮನೆಯೊಳಗೆ ಕೂತಿದ್ದಾಗ, ‘ಪಂಚಾಯತ್’ ಬಂತು. ದೂರದರ್ಶನದಲ್ಲಲ್ಲ, ಅಂತರಜಾಲದ ವೇದಿಕೆಯಲ್ಲಿ. ಅದೇ ತಿಂಗಳಲ್ಲಿ ದೂರದರ್ಶನ ಹಳೆಯ ‘ರಾಮಾಯಣ’ವನ್ನು ಮತ್ತೆ ತೋರಿಸಿ, ಒಂದೇ ದಿನ 7.7 ಕೋಟಿ ಜನ ನೋಡಿದರೆಂದು ಹೇಳಿಕೊಂಡಿತು. ಗೋವಿಲ್ ಮತ್ತೆ ರಾಮನಾಗಿಯೇ ಮನೆಮನೆಗೆ ಬಂದರು. ಯಾದವರು ಫುಲೇರಾ ಗ್ರಾಮದ ಪ್ರಧಾನರಾಗಿ ಬಂದರು. ನಿಜವಾದ ಪ್ರಧಾನಿಣಿ ಅವರ ಹೆಂಡತಿ ಮಂಜು ದೇವಿ. ಸ್ಥಾನ ಮಹಿಳೆಗೆ ಮೀಸಲಾದುದರಿಂದ ಹೆಸರು ಆಕೆಯದು, ಆಡಳಿತ ಈತನದು. ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ವಿವರಣೆ ಬೇಕಿಲ್ಲ.

ಆ ಮಂಜು ದೇವಿಯಾದವರು ನೀನಾ ಗುಪ್ತಾ. ಅದೇ ನಾಟಕ ಶಾಲೆಯವರು. 1998ರಲ್ಲಿ ‘ಸಾನ್ಸ್’ ಧಾರಾವಾಹಿಯನ್ನು ತಾವೇ ನಿರ್ದೇಶಿಸಿ, ಗಂಡ ಬಿಟ್ಟುಹೋದ ಹೆಂಡತಿಯ ಪಾತ್ರವನ್ನು ತಾವೇ ವಹಿಸಿ ಹೆಸರಾಗಿದ್ದವರು. 2017ರಲ್ಲಿ ಅದೇ ನೀನಾ ಗುಪ್ತಾ, ತಾನು ಮುಂಬಯಿಯಲ್ಲೇ ಇದ್ದೇನೆ, ಒಳ್ಳೆಯ ಪಾತ್ರಗಳಿಗಾಗಿ ಹುಡುಕುತ್ತಿದ್ದೇನೆ ಎಂದು ಸಾರ್ವಜನಿಕವಾಗಿ ಬರೆದುಕೊಂಡಿದ್ದರು. ಆಗ ಆಕೆಗೆ ಐವತ್ತೆಂಟು ವರ್ಷ. ಮೂರು ವರ್ಷದ ಮೇಲೆ ಫುಲೇರಾದ ಮನೆಯಂಗಳದಲ್ಲಿ ಗಂಡಹೆಂಡಿರು ಸೋರೆಕಾಯಿಯ ವಿಚಾರ ಮಾತನಾಡುತ್ತ ಕೂತರು. 2022, 2024, 2025ರಲ್ಲಿ ಅದರ ಮುಂದಿನ ಭಾಗಗಳೂ ಬಂದವು.